ಮೂರು ಬ್ರೌಸರ್ ಇಟ್ಟುಕೊಂಡರೆ ನಿಜವಾಗಿ ಉಪಯೋಗ ಇದೆಯಾ? ಎಲ್ಲಿ ಸೋರುತ್ತದೆ ಹೇಳಿ

ತೊಗರಿಕಣ, ಕಲಬುರಗಿ

ನನ್ನ ಲ್ಯಾಪ್‌ಟಾಪ್‌ನಲ್ಲಿ ಈಗ ಮೂರು ಬ್ರೌಸರ್ ಇವೆ. ಕ್ರೋಮ್ ಬರೀ ಗೂಗಲ್ ಕೆಲಸಕ್ಕೆ, ಅಂದ್ರೆ ಜಿಮೇಲ್, ಡ್ರೈವ್, ಯೂಟ್ಯೂಬ್. ಫೈರ್‌ಫಾಕ್ಸ್ ಬ್ಯಾಂಕ್, ಸೇವಾ ಸಿಂಧು, ಪಹಣಿ, ಡಿಜಿಲಾಕರ್ ಇಂಥದ್ದಕ್ಕೆ. ಉಳಿದ ಓದು, ಹುಡುಕಾಟ, ರೇಟ್ ನೋಡುವುದು ಎಲ್ಲ ಬ್ರೇವ್‌ನಲ್ಲಿ. ಬ್ರೇವ್‌ನಲ್ಲಿ ಯಾವ ಖಾತೆಗೂ ಲಾಗಿನ್ ಆಗಬಾರದು ಅಂತ ನಿಯಮ ಮಾಡಿಕೊಂಡಿದ್ದೇನೆ.

ಇದೆಲ್ಲ ಶುರುವಾಗಿದ್ದು ನಮ್ಮ ಮಾವನವರ ದಾಲ್ ಮಿಲ್‌ನಿಂದ. ಬೇಳೆಯ ಬಣ್ಣ ನೋಡಿ ಬೇರೆ ಮಾಡುವ ಸಾರ್ಟೆಕ್ಸ್ ಮಷಿನ್ ಹಾಕಿಸಬೇಕು, ರೇಟ್ ನೋಡು ಅಂದರು. ನೋಡಿದೆ. ಆಮೇಲೆ ಮಳೆ ಸುದ್ದಿ ಓದಿದರೂ ಸಾರ್ಟೆಕ್ಸ್, ಕ್ರಿಕೆಟ್ ಸ್ಕೋರ್ ನೋಡಿದರೂ ಸಾರ್ಟೆಕ್ಸ್, ಮಗಳು ಪಿಯುಸಿ ನೋಟ್ಸ್ ಹುಡುಕಿದರೂ ಪಕ್ಕದಲ್ಲಿ ಅದೇ ಮಷಿನ್. ಮಷಿನ್ ಆದರೆ ನಕ್ಕು ಬಿಡಬಹುದು. ಯಾರಾದರೂ ಕಾಯಿಲೆ ಬಗ್ಗೆ, ಸಾಲದ ಬಗ್ಗೆ ಹುಡುಕಿದ್ದರೆ?

ಈಗ ಪ್ರಶ್ನೆ. ಇದರಿಂದ ಏನಾದರೂ ಗಿಟ್ಟುತ್ತದಾ, ಇಲ್ಲ ಬರೀ ಮನಸ್ಸಿನ ಸಮಾಧಾನನಾ? ಇನ್‌ಕಾಗ್ನಿಟೊ, ಅಂದ್ರೆ ಹಿಸ್ಟರಿ ಉಳಿಸದ ಕಿಟಕಿ, ಹಾಕಿಕೊಂಡರೆ ಸಾಕು ಅನ್ನುವವರು ಸ್ವಲ್ಪ ತಡೀರಿ, ಅದರ ಬಗ್ಗೆಯೂ ಕೇಳಬೇಕು.

ಸುಮ್ನೆ ಕೇಳಿದೆ

ಮುಚ್ಚಿಡುವಂಥದ್ದು ಏನಿದೆ ಅಂತ ಇಷ್ಟೆಲ್ಲ ಗುದ್ದಾಟ? ಪಹಣಿ ಯಾರು ಬೇಕಾದರೂ ತೆಗೆದು ನೋಡಬಹುದು. ಆಧಾರ್ ಜೆರಾಕ್ಸ್ ಸಿಮ್ ಅಂಗಡಿಯಿಂದ ಹಿಡಿದು ಲಾಡ್ಜ್ ತನಕ ಎಲ್ಲ ಕಡೆ ಕೊಟ್ಟಿದ್ದೇವೆ. ಇನ್ನು ಬ್ರೌಸರ್ ಮೂರಾದರೆ ಏನು, ಹತ್ತಾದರೆ ಏನು?

ಕೋಟೆ ಬಾಗಿಲು, ಬೀದರ್

ತೊಗರಿಕಣ ಅಣ್ಣ, ಉಪಯೋಗ ಇದೆ. ಆದರೆ ಅದು ಮೂರು ಬ್ರೌಸರ್‌ನಿಂದ ಬಂದಿದ್ದು ಕಡಿಮೆ, 'ಬ್ರೇವ್‌ನಲ್ಲಿ ಲಾಗಿನ್ ಆಗಬಾರದು' ಅನ್ನುವ ನಿಯಮದಿಂದ ಬಂದಿದ್ದು ಜಾಸ್ತಿ.

ಮೊದಲು ಕುಕಿ ಏನು ಅಂತ ನೋಡಿ. 1994ರಲ್ಲಿ ನೆಟ್‌ಸ್ಕೇಪ್‌ನಲ್ಲಿ ಲೂ ಮಾಂಟುಲಿ ಅನ್ನುವವರು ಮಾಡಿದ್ದು. ಆಗ ವೆಬ್‌ಸೈಟಿಗೆ ಜ್ಞಾಪಕ ಅನ್ನುವುದೇ ಇರಲಿಲ್ಲ. ಒಂದು ಪುಟ ಬಿಟ್ಟು ಇನ್ನೊಂದಕ್ಕೆ ಹೋದರೆ ನೀವು ಹೊಸಬರು. ಜಾತ್ರೆಯಲ್ಲಿ ಚಪ್ಪಲಿ ಬಿಡುವ ಕಡೆ ಟೋಕನ್ ಕೊಡುತ್ತಾರಲ್ಲ, ಹಾಗೆ ಸೈಟು ನಿಮ್ಮ ಬ್ರೌಸರ್ ಕೈಗೆ ಒಂದು ನಂಬರ್ ಕೊಡುತ್ತದೆ, ಮತ್ತೆ ಬಂದಾಗ ಅದನ್ನು ನೋಡಿ ಗುರುತು ಹಿಡಿಯುತ್ತದೆ. ಇಷ್ಟರ ತನಕ ತಪ್ಪೇನಿಲ್ಲ, ಇದಿಲ್ಲದೆ ಲಾಗಿನ್ನೇ ನಡೆಯುವುದಿಲ್ಲ. ತಕರಾರು ಇರುವುದು ಮುಂದೆ. ಸುದ್ದಿ ಸೈಟು, ಅಡುಗೆ ಸೈಟು, ಮಷಿನ್ ಮಾರುವ ಸೈಟು, ಎಲ್ಲದರ ಒಳಗೂ ಒಂದೇ ಜಾಹೀರಾತು ಕಂಪನಿಯ ತುಣುಕು ಕೂತಿರುತ್ತದೆ. ಎಲ್ಲ ಜಾತ್ರೆಯಲ್ಲೂ ಚಪ್ಪಲಿ ಕಾಯುವವನು ಒಬ್ಬನೇ ಆದರೆ ನೀವು ಯಾವ್ಯಾವ ಊರಿಗೆ ಹೋಗಿದ್ದಿರಿ ಅಂತ ಅವನಿಗೆ ಗೊತ್ತಾಗುತ್ತದೆ. ಥರ್ಡ್ ಪಾರ್ಟಿ ಕುಕಿ ಅಂದರೆ ಇದೇ.

ಬ್ರೌಸರ್ ಬೇರೆ ಆದರೆ ಕುಕಿ ಇಡುವ ಫೋಲ್ಡರೂ ಬೇರೆ. ಬ್ರೇವ್‌ನ ಕುಕಿ ಕ್ರೋಮ್‌ಗೆ ಕಾಣುವುದಿಲ್ಲ. ಬ್ರೇವ್, ಎಡ್ಜ್, ಒಪೆರಾ, ವಿವಾಲ್ಡಿ ಎಲ್ಲದರ ಒಳಗಿನ ಎಂಜಿನ್ ಕ್ರೋಮ್‌ನದೇ ಆದರೂ ಈ ವಿಷಯದಲ್ಲಿ ವ್ಯತ್ಯಾಸ ಇಲ್ಲ, ಫೋಲ್ಡರ್ ಬೇರೆ ಬೇರೆಯೇ. ಆದರೆ ಹೊಸ ಬ್ರೌಸರ್ ಹಾಕಿದ ತಕ್ಷಣ 'ಹಳೆ ಬ್ರೌಸರ್‌ನಿಂದ ಬುಕ್‌ಮಾರ್ಕ್, ಪಾಸ್‌ವರ್ಡ್ ತರಲೇ' ಅಂತ ಕೇಳುತ್ತದಲ್ಲ, ಅಲ್ಲಿ ಸುಮ್ಮನೆ ಹೂಂ ಒತ್ತಿಬಿಟ್ಟರೆ ಅರ್ಧ ಕೆಲಸ ಅಲ್ಲೇ ಕೆಟ್ಟಿತು. ಬುಕ್‌ಮಾರ್ಕ್ ಮಾತ್ರ ತನ್ನಿ. ಪಾಸ್‌ವರ್ಡ್, ಹಿಸ್ಟರಿ ಬೇಡ.

ಇನ್ನು ಸೋರುವುದು ಎಲ್ಲಿ? ಮೊದಲನೆಯದು ಲಾಗಿನ್. ಬ್ರೇವ್‌ನಲ್ಲಿ ಯಾವುದೋ ಸೈಟು 'ಗೂಗಲ್ ಮೂಲಕ ಮುಂದುವರಿಯಿರಿ' ಅಂತ ಕೇಳಿದಾಗ ಒತ್ತಿದಿರಿ ಅಂದುಕೊಳ್ಳಿ, ಆಯಿತು, ಅಲ್ಲಿಯೂ ನೀವು ಯಾರು ಅಂತ ಗೂಗಲ್‌ಗೆ ಗೊತ್ತು. ಬ್ರೌಸರ್ ಹೆಸರು ಬೇರೆ ಇದ್ದು ಏನೂ ಪ್ರಯೋಜನ ಇಲ್ಲ.

ಎರಡನೆಯದು ಮೊಬೈಲ್ ನಂಬರ್. ನಮ್ಮಲ್ಲಿ ಪ್ರತಿಯೊಂದಕ್ಕೂ ಓಟಿಪಿ. ಬಟ್ಟೆ ಅಂಗಡಿ ಬಿಲ್ಲಿಗೂ ನಂಬರ್ ಕೇಳುತ್ತಾರೆ. ಗ್ರಾಹಕರ ನಂಬರ್ ಪಟ್ಟಿಯನ್ನು ಜಾಹೀರಾತು ಕಂಪನಿಗೆ ಕೊಟ್ಟು 'ಇವರಿಗೇ ತೋರಿಸಿ' ಅನ್ನುವ ವ್ಯವಸ್ಥೆ ಗೂಗಲ್‌ನಲ್ಲೂ ಇದೆ, ಫೇಸ್‌ಬುಕ್‌ನಲ್ಲೂ ಇದೆ. ಎರಡು ಬ್ರೌಸರ್‌ನಲ್ಲಿ ಒಂದೇ ನಂಬರ್ ಕೊಟ್ಟರೆ ಎರಡನ್ನೂ ಸೇರಿಸುವುದಕ್ಕೆ ಕುಕಿ ಬೇಕಾಗೇ ಇಲ್ಲ.

ಮೂರನೆಯದು ಐಪಿ ವಿಳಾಸ, ಅಂದರೆ ಇಂಟರ್ನೆಟ್‌ನಲ್ಲಿ ನಿಮ್ಮ ಲೈನಿನ ಗುರುತಿನ ನಂಬರ್. ಮನೆಯ ಫೈಬರ್ ಲೈನ್ ಒಂದೇ, ಹಾಗಾಗಿ ಮೂರೂ ಬ್ರೌಸರ್ ಒಂದೇ ಮನೆಯಿಂದ ಬಂದಿದ್ದು ಅಂತ ಸೈಟಿಗೆ ಕಾಣುತ್ತದೆ.

ಜೋಳದ ರೊಟ್ಟಿ, ಆಳಂದ

ಪ್ರೊಫೈಲ್ ಮಾಡಿಕೊಂಡರೆ ಆಗಲ್ವಾ? ಕ್ರೋಮ್ ಒಂದರಲ್ಲೇ ಎರಡು ಮೂರು ಪ್ರೊಫೈಲ್ ಮಾಡಬಹುದು, ಕುಕಿ, ಹಿಸ್ಟರಿ, ಎಕ್ಸ್‌ಟೆನ್ಶನ್ (ಬ್ರೌಸರ್‌ಗೆ ಸೇರಿಸುವ ಚಿಕ್ಕ ತಂತ್ರಾಂಶ) ಎಲ್ಲ ಬೇರೆ. ನನ್ನದು 4 ಜಿಬಿ ರ್‍ಯಾಮ್ ಲ್ಯಾಪ್‌ಟಾಪ್. ಎರಡು ಬ್ರೌಸರ್ ಒಟ್ಟಿಗೆ ತೆರೆದರೆ ಫ್ಯಾನ್ ಕೂಗುವುದಕ್ಕೆ ಶುರು ಮಾಡುತ್ತದೆ, ಅದರಲ್ಲೂ ನಮ್ಮ ಮೇ ತಿಂಗಳ ಬಿಸಿಲಿಗೆ ಕೇಳಲೇಬೇಡಿ.

ಕೋಟೆ ಬಾಗಿಲು, ಬೀದರ್

ಆಗುತ್ತದೆ. ಫೈರ್‌ಫಾಕ್ಸ್‌ನಲ್ಲಿ ಇನ್ನೂ ಸುಲಭ. ಮಲ್ಟಿ ಅಕೌಂಟ್ ಕಂಟೇನರ್ಸ್ ಅಂತ ಒಂದು ಎಕ್ಸ್‌ಟೆನ್ಶನ್ 2017ರಿಂದ ಇದೆ, ಒಂದೇ ಕಿಟಕಿಯಲ್ಲಿ ಒಂದು ಟ್ಯಾಬ್ ಬ್ಯಾಂಕಿಗೆ, ಇನ್ನೊಂದು ಫೇಸ್‌ಬುಕ್‌ಗೆ ಅಂತ ಬಣ್ಣ ಹಚ್ಚಿ ಇಡಬಹುದು. 2022ರ ಜೂನ್‌ನಿಂದ ಫೈರ್‌ಫಾಕ್ಸ್ ಪ್ರತಿ ಸೈಟಿನ ಕುಕಿಯನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಹಾಕುತ್ತದೆ, ನೀವು ಏನೂ ಮಾಡಬೇಕಾಗಿಲ್ಲ. ಸಫಾರಿ 2020ರಲ್ಲೇ ಥರ್ಡ್ ಪಾರ್ಟಿ ಕುಕಿ ಪೂರ್ತಿ ನಿಲ್ಲಿಸಿತು. ಕ್ರೋಮ್ ಮಾತ್ರ 2020ರ ಜನವರಿಯಲ್ಲಿ 'ಎರಡು ವರ್ಷದಲ್ಲಿ ತೆಗೆಯುತ್ತೇವೆ' ಅಂತ ಹೇಳಿ, ಮುಂದೂಡಿ ಮುಂದೂಡಿ, 2024ರ ಜುಲೈನಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. 2025ರ ಏಪ್ರಿಲ್‌ನಲ್ಲಿ 'ಈಗ ಇರುವ ಹಾಗೇ ಇರುತ್ತದೆ' ಅಂತ ಹೇಳಿ ಮುಗಿಸಿತು. ಜಾಹೀರಾತಿನಲ್ಲೇ ಹೊಟ್ಟೆ ತುಂಬುವ ಕಂಪನಿ, ಇನ್ನೇನು ಮಾಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಒಳಗೆ ಹೋಗಿ ನಾವೇ ಥರ್ಡ್ ಪಾರ್ಟಿ ಕುಕಿ ನಿಲ್ಲಿಸಬಹುದು. ಈಗಲೇ ಮಾಡಿ.

ಆದರೂ ನಾನು ಬೇರೆ ಬೇರೆ ಬ್ರೌಸರೇ ಇಡಿ ಅನ್ನುತ್ತೇನೆ. ಪ್ರೊಫೈಲ್ ಎರಡೂ ಕಣ್ಣಿಗೆ ಒಂದೇ ತರ ಕಾಣುತ್ತವೆ, ಅವಸರದಲ್ಲಿ ಯಾವುದರಲ್ಲಿ ಇದ್ದೇವೆ ಅಂತ ಮರೆತೇ ಹೋಗುತ್ತದೆ. ಐಕಾನ್ ಬೇರೆ ಇದ್ದರೆ ಕೈ ತಪ್ಪುವುದು ಕಡಿಮೆ. ರ್‍ಯಾಮ್ ಕಡಿಮೆ ಇದ್ದರೆ ಒಂದನ್ನು ಮುಚ್ಚಿ ಇನ್ನೊಂದು ತೆರೆಯಿರಿ, ಬ್ಯಾಂಕ್ ಕೆಲಸಕ್ಕೆ ಅದೇ ಒಳ್ಳೆಯದು ಕೂಡ.

'ಸುಮ್ನೆ ಕೇಳಿದೆ' ಅವರಿಗೆ: ಸುಮ್ನೆ ಕೇಳಿದ್ದಕ್ಕೆ ಉತ್ತರ ಈಗಾಗಲೇ ಸಿಕ್ಕಿದೆ ಸರ್. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟಿತು. ಕೇಸ್ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನಿಂದ ನಿವೃತ್ತರಾಗಿದ್ದ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಮುಚ್ಚಿಡುವುದು ಏನಿದೆ ಅಂತ ಸಾಬೀತು ಮಾಡುವ ಹೊಣೆ ನಮ್ಮದಲ್ಲ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ಅದು ಪೂರ್ತಿ ಜಾರಿಗೆ ಬರುವ ತನಕ ಕುಕಿ ಕಾಯುತ್ತಾ ಕೂರುವುದಿಲ್ಲ.

ಆನ್‌ಲೈನ್ ಕಾಕಾ, ಶಹಾಪುರ

ನೀವೆಲ್ಲ ಮನೆಯ ಲ್ಯಾಪ್‌ಟಾಪ್ ಬಗ್ಗೆ ಮಾತಾಡುತ್ತಿದ್ದೀರಿ. ನಾನು ಅಂಗಡಿ ಕಂಪ್ಯೂಟರ್ ಬಗ್ಗೆ ಹೇಳುತ್ತೇನೆ, ಯಾಕಂದ್ರೆ ನಮ್ಮ ಯಾದಗಿರಿ ಜಿಲ್ಲೆಯಲ್ಲಿ ಬಹಳ ಜನರ ಇಂಟರ್ನೆಟ್ ಕೆಲಸ ನಡೆಯುವುದು ನಮ್ಮಂಥವರ ಅಂಗಡಿಯಲ್ಲೇ. ಸ್ಕಾಲರ್‌ಶಿಪ್, ಸಿಇಟಿ, ಜಾತಿ ಆದಾಯ, 371ಜೆ ಸರ್ಟಿಫಿಕೇಟ್, ಎಲ್ಲ.

ಹುಡುಗರು ಬಂದು ಜಿಮೇಲ್ ತೆರೆಯುತ್ತಾರೆ, ಅಪ್ಲಿಕೇಶನ್ ಪ್ರಿಂಟ್ ತೆಗೆದುಕೊಳ್ಳುತ್ತಾರೆ, ಹಾಗೇ ಎದ್ದು ಹೋಗುತ್ತಾರೆ. ಮುಂದಿನವರು ಕೂತಾಗ ಹಿಂದಿನವರ ಮೇಲ್ ಎದುರಿಗೇ ಇರುತ್ತದೆ. ಅದಕ್ಕೇ ಗ್ರಾಹಕರ ಕೆಲಸಕ್ಕೆ ಕ್ರೋಮ್‌ನ ಗೆಸ್ಟ್ ವಿಂಡೋ ಬಿಟ್ಟು ಬೇರೆ ಯಾವುದೂ ತೆರೆಯುವುದಿಲ್ಲ. ಮೇಲೆ ಬಲಗಡೆ ಪ್ರೊಫೈಲ್ ಚಿತ್ರ ಒತ್ತಿದರೆ ಗೆಸ್ಟ್ ಅಂತ ಇರುತ್ತದೆ. ವಿಂಡೋ ಮುಚ್ಚಿದರೆ ಲಾಗಿನ್, ಹಿಸ್ಟರಿ ಎಲ್ಲ ಹೋಗುತ್ತದೆ. ನನ್ನ ಸ್ವಂತ ಲಾಗಿನ್ ಎಲ್ಲ ಫೈರ್‌ಫಾಕ್ಸ್‌ನಲ್ಲಿ, ಅದನ್ನು ಗ್ರಾಹಕರ ಕೈಗೆ ಕೊಡುವುದಿಲ್ಲ.

ಆದರೆ ಒಂದು ಮಾತು. ಗೆಸ್ಟ್ ಮುಚ್ಚಿದರೂ ಡೌನ್‌ಲೋಡ್ ಆಗಿದ್ದು ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಹಾಗೇ ಕೂತಿರುತ್ತದೆ. ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆ ಅಂತ ಧೈರ್ಯ ಬೇಡ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಹುಟ್ಟಿದ ಇಸವಿ, ಅಷ್ಟೇ ಪಾಸ್‌ವರ್ಡ್. ಹೆಸರು ಫೈಲ್ ಕೊಟ್ಟವರ ಬಾಯಲ್ಲೇ ಇರುತ್ತದೆ, ಇಸವಿ ಮಾರ್ಕ್ಸ್ ಕಾರ್ಡಿನಲ್ಲಿ. ಅಂಗಡಿಗೆ ಹೋದಾಗ ಫೈಲ್ ಅಳಿಸಿ ಅಂತ ನಿಂತು ಹೇಳಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿಸಿ. ನಾಚಿಕೆ ಪಡಬೇಡಿ. ವಾಟ್ಸ್‌ಆ್ಯಪ್ ವೆಬ್ ಹಾಕಿದ್ದರೆ ಮನೆಗೆ ಹೋಗುವ ಮುಂಚೆ ಫೋನಿನಲ್ಲಿ ಲಿಂಕ್ಡ್ ಡಿವೈಸಸ್ ತೆಗೆದು ನೋಡಿ. ಅಲ್ಲಿ ಅಂಗಡಿಯ ಕಂಪ್ಯೂಟರ್ ಹೆಸರು ಕಂಡರೆ ಒತ್ತಿ ಲಾಗ್ ಔಟ್ ಮಾಡಿ.

ನೀಲಿ ಹಂಸ

ಇಷ್ಟು ಜನ ಇದ್ದೀರಿ, ಕೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಲ್ಯಾಪ್‌ಟಾಪ್ ಒಂದೇ. ನಾನು ಪಿಸಿಓಡಿ ಬಗ್ಗೆ ಓದುತ್ತಿದ್ದೆ, ಮರುದಿನ ತಮ್ಮ ಕೂತಾಗ ಅವನಿಗೆ ಅದೇ ಔಷಧಿ, ಅದೇ ಆಸ್ಪತ್ರೆ ಜಾಹೀರಾತು. ಅವನು ಏನೂ ಅನ್ನಲಿಲ್ಲ, ಆದರೆ ನನಗೆ ಸರಿ ಅನ್ನಿಸಲಿಲ್ಲ. ಈಗ ಬೇರೆ ಬ್ರೌಸರ್ ಹಾಕಿಕೊಂಡಿದ್ದೇನೆ. ಸಾಕಾಗುತ್ತದಾ?

ಕೋಟೆ ಬಾಗಿಲು, ಬೀದರ್

ಅಕ್ಕಾ, ಜಾಹೀರಾತು ಅವನಿಗೆ ಕಾಣುವುದು ಬಹಳ ಮಟ್ಟಿಗೆ ನಿಲ್ಲುತ್ತದೆ. ಆದರೆ ಆ ಬ್ರೌಸರ್ ಐಕಾನ್ ಒತ್ತಿದರೆ ಯಾರಿಗಾದರೂ ಹಿಸ್ಟರಿ ಕಾಣುತ್ತದೆ, ಅದಕ್ಕೆ ಬೀಗ ಇಲ್ಲ. ನಿಮಗೆ ಬೇಕಾಗಿರುವುದು ವಿಂಡೋಸ್‌ನಲ್ಲೇ ಬೇರೆ ಯೂಸರ್ ಅಕೌಂಟ್. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್ ಒಳಗೆ ಇನ್ನೊಬ್ಬರನ್ನು ಸೇರಿಸಬಹುದು. ನಿಮ್ಮದಕ್ಕೆ ನಿಮ್ಮ ಪಾಸ್‌ವರ್ಡ್, ತಮ್ಮನದಕ್ಕೆ ಅವನದು, ಅವನ ಅಕೌಂಟ್ ಅಡ್ಮಿನ್ ಆಗಿರಬಾರದು. ಡೌನ್‌ಲೋಡ್, ಬ್ರೌಸರ್, ಎಲ್ಲ ಬೇರೆ ಆಗುತ್ತದೆ.

ಮನೆಯವರ ಕಣ್ಣಿಂದ ತಪ್ಪಿಸಿಕೊಳ್ಳುವುದಕ್ಕೆ ಇನ್‌ಕಾಗ್ನಿಟೊ ಕೂಡ ಆಗುತ್ತದೆ, ಅದು ಇರುವುದೇ ಅಷ್ಟಕ್ಕೆ. ಮುಚ್ಚಿದ ಮೇಲೆ ನಿಮ್ಮ ಕಂಪ್ಯೂಟರ್‌ನಲ್ಲಿ ಹಿಸ್ಟರಿ ಉಳಿಯುವುದಿಲ್ಲ. ಸೈಟಿಗೆ, ಇಂಟರ್ನೆಟ್ ಕೊಡುವವರಿಗೆ ಕಾಣುವುದು ಕಾಣುತ್ತಲೇ ಇರುತ್ತದೆ. ಇದೇ ವಿಷಯಕ್ಕೆ 2020ರಲ್ಲಿ ಅಮೆರಿಕದಲ್ಲಿ ಗೂಗಲ್ ಮೇಲೆ ಕೇಸ್ ಆಯಿತು. ಇನ್‌ಕಾಗ್ನಿಟೊದಲ್ಲಿ ಇದ್ದಾಗಲೂ ಮಾಹಿತಿ ಸೇರಿಸುತ್ತಿದ್ದರು ಅಂತ ದೂರು. 2024ರಲ್ಲಿ ರಾಜಿ ಆಗಿ, ಸೇರಿಸಿದ ದಾಖಲೆ ಅಳಿಸುವುದಕ್ಕೆ ಗೂಗಲ್ ಒಪ್ಪಿತು. ತೊಗರಿಕಣ ಅಣ್ಣ ಕೇಳಬೇಕು ಅಂದಿದ್ದಕ್ಕೂ ಇದೇ ಉತ್ತರ.

ಅಚ್ಚಿನ ಮನೆ, ಬಸವಕಲ್ಯಾಣ

ನಾನು ಡಿಟಿಪಿ ಮಾಡುತ್ತೇನೆ. ಲಗ್ನಪತ್ರಿಕೆ, ಜಾತ್ರೆ ಬ್ಯಾನರ್, ಕರಪತ್ರ. ನನ್ನ ಕಂಪ್ಯೂಟರ್‌ನಲ್ಲಿ ನುಡಿ, ಬರಹ, ಇನ್ನೂ ಎಲ್ಲೆಲ್ಲಿಂದಲೋ ಬಂದ ಕನ್ನಡ, ಮರಾಠಿ ಫಾಂಟ್‌ಗಳು ರಾಶಿ ಬಿದ್ದಿವೆ. ಯಾರೂ ಇಲ್ಲಿ ಫಾಂಟ್ ಬಗ್ಗೆ ಹೇಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕುಕಿ ಇಲ್ಲದೆಯೂ ಗುರುತು ಹಿಡಿಯಬಹುದು. ಪರದೆಯ ಅಳತೆ, ಗ್ರಾಫಿಕ್ಸ್ ಕಾರ್ಡ್, ಸಮಯ ವಲಯ, ಭಾಷೆ, ಯಾವ್ಯಾವ ಫಾಂಟ್ ಇವೆ, ಇವೆಲ್ಲ ಕೂಡಿಸಿದರೆ ಒಂದು ಬೆರಳಚ್ಚು ಆಗುತ್ತದೆ, ಫಿಂಗರ್‌ಪ್ರಿಂಟಿಂಗ್ ಅನ್ನುತ್ತಾರೆ. ಅಮೆರಿಕದ ಇಎಫ್‌ಎಫ್ ಸಂಸ್ಥೆ 2010ರಲ್ಲೇ ಇದನ್ನು ಪರೀಕ್ಷೆ ಮಾಡಿ, ತಮ್ಮ ಸೈಟಿಗೆ ಬಂದ ಬ್ರೌಸರ್‌ಗಳಲ್ಲಿ ಶೇ 83.6ರಷ್ಟು ಬೇರೆ ಯಾವುದಕ್ಕೂ ಹೊಂದಲಿಲ್ಲ ಅಂತ ಬರೆದಿತ್ತು. ಈಗ ಅದೇ ಪರೀಕ್ಷೆ ಕವರ್ ಯುವರ್ ಟ್ರ್ಯಾಕ್ಸ್ ಅನ್ನುವ ಹೆಸರಿನಲ್ಲಿದೆ, ನೀವೂ ಮಾಡಿ ನೋಡಬಹುದು.

ಈಗ ಯೋಚನೆ ಮಾಡಿ. ಲೋಕದಲ್ಲಿ ವಿಂಡೋಸ್ ಇರುವ ಕಂಪ್ಯೂಟರ್ ಕೋಟಿಗಟ್ಟಲೆ. ಅದರಲ್ಲಿ ನುಡಿ ಫಾಂಟ್ ಇರುವುದು ಎಷ್ಟು? ನುಡಿ, ಬರಹ ಜೊತೆಗೆ ಮರಾಠಿ ಪತ್ರಿಕೆ ಫಾಂಟೂ ಇರುವುದು ಎಷ್ಟು? ಬಸವಕಲ್ಯಾಣ, ಭಾಲ್ಕಿ, ಔರಾದ ಕಡೆಯ ಡಿಟಿಪಿಯವರು ಅಂತ ಬೆರಳಿಟ್ಟು ತೋರಿಸಿದ ಹಾಗೇ. ಮೂರು ಬ್ರೌಸರ್ ಇಟ್ಟರೂ ಮೂರೂ ಅದೇ ಫಾಂಟ್, ಅದೇ ಪರದೆ ತೋರಿಸುತ್ತವಲ್ಲ.

ಇದಕ್ಕೆ ಪೂರ್ತಿ ಮದ್ದು ಇಲ್ಲ. ಫೈರ್‌ಫಾಕ್ಸ್‌ನ ಖಾಸಗಿ ವಿಂಡೋ 2023ರಿಂದ ನಾವು ಹೊರಗಿನಿಂದ ಹಾಕಿದ ಫಾಂಟ್‌ಗಳನ್ನು ಸೈಟಿಗೆ ತೋರಿಸುವುದಿಲ್ಲ. ಬ್ರೇವ್ ಕೆಲವು ವಿವರಗಳನ್ನು ಬೇಕಂತಲೇ ಸ್ವಲ್ಪ ಬದಲಿಸಿ ಹೇಳುತ್ತದೆ. ಟಾರ್ ಬ್ರೌಸರ್ ಎಲ್ಲರನ್ನೂ ಒಂದೇ ತರ ಕಾಣುವ ಹಾಗೆ ಮಾಡುತ್ತದೆ, ಆದರೆ ನಿಧಾನ, ಬ್ಯಾಂಕ್ ಸೈಟಿಗೆ ಅದು ಬೇಡವೇ ಬೇಡ. ನಾನು ಮಾಡಿದ್ದು ಇಷ್ಟೇ: ಅಚ್ಚಿನ ಕಂಪ್ಯೂಟರ್‌ನಲ್ಲಿ ಅಚ್ಚಿನ ಕೆಲಸ, ಸ್ವಂತದ್ದು ಎಲ್ಲ ಬೇರೆಯದರಲ್ಲಿ.

ಭೀಮಾ ದಂಡೆ, ಯಾದಗಿರಿ

ಎಲ್ಲರೂ ಲ್ಯಾಪ್‌ಟಾಪ್ ಹಿಡಿದುಕೊಂಡು ಕೂತಿದ್ದೀರಿ. ನಮ್ಮ ಮನೆಯಲ್ಲಿ ಲ್ಯಾಪ್‌ಟಾಪೇ ಇಲ್ಲ, ಇರುವುದು ಫೋನ್. ಫೋನಿನಲ್ಲೂ ಎರಡು ಬ್ರೌಸರ್ ಹಾಕಿಕೊಂಡಿದ್ದೇನೆ. ಆದರೆ ಇನ್‌ಸ್ಟಾಗ್ರಾಮ್‌ನಲ್ಲಿ ಲಿಂಕ್ ಒತ್ತಿದರೆ ಎರಡರಲ್ಲೂ ತೆರೆಯುವುದಿಲ್ಲ, ಆ್ಯಪ್ ಒಳಗೇ ತೆರೆಯುತ್ತದೆ. ಅದು ಯಾವ ಬ್ರೌಸರ್?

ಕೋಟೆ ಬಾಗಿಲು, ಬೀದರ್

ಅದು ಇನ್‌ಸ್ಟಾಗ್ರಾಮ್‌ನದೇ ಒಳ ಬ್ರೌಸರ್. 2022ರಲ್ಲಿ ಫೆಲಿಕ್ಸ್ ಕ್ರೌಸ್ ಅನ್ನುವ ಡೆವಲಪರ್ ತೋರಿಸಿದ ಪ್ರಕಾರ, ಹಾಗೆ ತೆರೆದ ಬೇರೆಯವರ ಸೈಟಿನ ಒಳಗೆ ಆ್ಯಪ್ ತನ್ನ ಕೋಡ್ ತೂರಿಸುತ್ತಿತ್ತು. ಮೇಲಿನ ಮೂರು ಚುಕ್ಕೆ ಒತ್ತಿದರೆ ಹೊರಗಿನ ಬ್ರೌಸರ್‌ನಲ್ಲಿ ತೆರೆಯುವ ಆಯ್ಕೆ ಇರುತ್ತದೆ, ಅದನ್ನು ಒತ್ತಿ. ಆ ಪುಟದಲ್ಲಿ ಪಾಸ್‌ವರ್ಡ್, ಕಾರ್ಡ್ ನಂಬರ್ ಹಾಕಲೇಬೇಡಿ.

ಫೋನಿನ ಕಥೆ ಇನ್ನೂ ಇದೆ. 2025ರ ಜೂನ್‌ನಲ್ಲಿ ಸಂಶೋಧಕರು ಒಂದು ವಿಷಯ ಹೊರಗೆ ಹಾಕಿದರು. ಆಂಡ್ರಾಯ್ಡ್ ಫೋನಿನಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಆ್ಯಪ್ ಹಿಂದೆ ಕೂತು ಫೋನಿನ ಒಳಗಿನ ಒಂದು ಬಾಗಿಲಲ್ಲಿ ಕಿವಿ ಇಟ್ಟಿರುತ್ತಿದ್ದವು. ನೀವು ಬ್ರೌಸರ್‌ನಲ್ಲಿ ಯಾವುದೋ ಸೈಟು ತೆರೆದಾಗ ಅಲ್ಲಿದ್ದ ಮೆಟಾ ಪಿಕ್ಸೆಲ್ (ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ನಡೆಸುವ ಮೆಟಾ ಕಂಪನಿಯ ಜಾಹೀರಾತು ಕೋಡ್) ತುಣುಕು ಆ ಬಾಗಿಲಿಗೆ ಗುರುತಿನ ನಂಬರ್ ದಾಟಿಸುತ್ತಿತ್ತು. ಆ್ಯಪ್‌ನಲ್ಲಿ ನೀವು ಲಾಗಿನ್ ಆಗಿದ್ದೀರಿ, ಹಾಗಾಗಿ ಸೈಟು ನೋಡಿದವರು ನೀವೇ ಅಂತ ಗೊತ್ತಾಗುತ್ತಿತ್ತು. ರಷ್ಯಾದ ಯಾಂಡೆಕ್ಸ್ ಕೂಡ ಇದೇ ಕೆಲಸ ಮಾಡುತ್ತಿತ್ತು. ಇನ್‌ಕಾಗ್ನಿಟೊ ಇದ್ದರೂ, ಕುಕಿ ಅಳಿಸಿದರೂ ತಪ್ಪುತ್ತಿರಲಿಲ್ಲ. ಸುದ್ದಿ ಬಂದ ದಿನವೇ ಮೆಟಾ ಅದನ್ನು ನಿಲ್ಲಿಸಿತು. ಬ್ರೇವ್‌ನಲ್ಲಿ ಇದು ಮೊದಲೇ ನಡೆಯುತ್ತಿರಲಿಲ್ಲ, ಆ ದಾರಿಗೆ ಅದು ಮುಂಚೆಯೇ ತಡೆ ಹಾಕಿತ್ತು. ಅದಕ್ಕೇ ನನ್ನ ಮಟ್ಟಿಗೆ ಫೋನಿನಲ್ಲಿ ಎರಡನೇ ಬ್ರೌಸರ್ ಹಾಕುವುದಕ್ಕಿಂತ ಒಂದು ಆ್ಯಪ್ ತೆಗೆಯುವುದು ದೊಡ್ಡ ಲಾಭ. ಫೇಸ್‌ಬುಕ್ ನೋಡಲೇಬೇಕಾದರೆ ಬ್ರೌಸರ್‌ನಲ್ಲಿ ನೋಡಿ, ಅದಕ್ಕೆ ಅಂತಲೇ ಒಂದು ಬ್ರೌಸರ್ ಇಡಿ.

ಫೋನಿನಲ್ಲಿ ಇನ್ನೊಂದು ಮಾಡಿ. ಲಾಗಿನ್ ಇಲ್ಲದ ಬ್ರೌಸರ್ ಅನ್ನೇ ಡಿಫಾಲ್ಟ್ ಮಾಡಿ. ಎಸ್‌ಎಂಎಸ್, ವಾಟ್ಸ್‌ಆ್ಯಪ್‌ನಲ್ಲಿ ಬಂದ ಲಿಂಕ್ ಒತ್ತಿದರೆ ಅದರಲ್ಲೇ ತೆರೆಯುತ್ತದೆ, ಅಲ್ಲಿ ಕದಿಯುವುದಕ್ಕೆ ಲಾಗಿನ್ನೂ ಇಲ್ಲ, ಪಾಸ್‌ವರ್ಡೂ ಇಲ್ಲ. ಬ್ಯಾಂಕ್ ಬ್ರೌಸರ್‌ನಲ್ಲಿ ನೀವೇ ಇಟ್ಟ ಬುಕ್‌ಮಾರ್ಕ್‌ನಿಂದ ಮಾತ್ರ ಹೋಗಿ, ಎಕ್ಸ್‌ಟೆನ್ಶನ್ ಒಂದೂ ಹಾಕಬೇಡಿ. ಕೂಪನ್ ಹುಡುಕಿ ಕೊಡುತ್ತೇವೆ ಅನ್ನುವ ಎಕ್ಸ್‌ಟೆನ್ಶನ್‌ಗಳು ನೀವು ತೆರೆದ ಪ್ರತಿ ಪುಟವನ್ನೂ ಓದುವ ಅನುಮತಿ ಕೇಳುತ್ತವೆ. ಬ್ಯಾಂಕ್ ಪುಟವೂ ಅದರಲ್ಲಿ ಬರುತ್ತದೆ.

ಆನ್‌ಲೈನ್ ಕಾಕಾ, ಶಹಾಪುರ

ಆ ಲಿಂಕ್ ಮಾತು ಬಹಳ ಸರಿ. ಪಿಎಂ ಕಿಸಾನ್ ಕಂತು ಬಂದಿದೆ ಅಂತ ವಾಟ್ಸ್‌ಆ್ಯಪ್‌ನಲ್ಲಿ ಎಪಿಕೆ ಫೈಲ್, ಅಂದ್ರೆ ಆ್ಯಪ್ ಇನ್‌ಸ್ಟಾಲ್ ಮಾಡುವ ಫೈಲ್, ಬರುತ್ತದಲ್ಲ, ಅದಕ್ಕೆ ಮಾತ್ರ ಯಾವ ಬ್ರೌಸರೂ ಅಡ್ಡ ಬರುವುದಿಲ್ಲ. ಒತ್ತಿ ಇನ್‌ಸ್ಟಾಲ್ ಮಾಡಿದರೆ ಓಟಿಪಿ ಸಮೇತ ಹೋಗುತ್ತದೆ. ದುಡ್ಡು ಹೋಗಿದ್ದು ಗೊತ್ತಾದ ಕೂಡಲೇ 1930ಕ್ಕೆ ಫೋನ್ ಮಾಡಿ, ನಾಳೆ ಬ್ಯಾಂಕಿಗೆ ಹೋದರಾಯಿತು ಅಂತ ಕೂರಬೇಡಿ.

ತೊಗರಿಕಣ, ಕಲಬುರಗಿ

ಇಷ್ಟು ಬರುತ್ತದೆ ಅಂತ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಶರಣು. ಬ್ರೇವ್‌ನಲ್ಲಿ ಆ 'ಗೂಗಲ್ ಮೂಲಕ ಮುಂದುವರಿಯಿರಿ' ಕಿಟಕಿ ಬರುವುದನ್ನೇ ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಿದೆ. ಕ್ರೋಮ್‌ನಲ್ಲಿ ಥರ್ಡ್ ಪಾರ್ಟಿ ಕುಕಿ ನಿಲ್ಲಿಸಿದೆ. ಫೋನಿನಿಂದ ಫೇಸ್‌ಬುಕ್ ಆ್ಯಪ್ ತೆಗೆದೆ, ಮನೆಯವರು ಇನ್‌ಸ್ಟಾಗ್ರಾಮ್ ಬಿಡಲ್ಲ ಅಂದರು, ಅಲ್ಲಿಗೆ ಆ ಮಾತು ಮುಗಿಯಿತು.

ಒಂದು ತೊಂದರೆ ಉಳಿದಿದೆ. ಫೈರ್‌ಫಾಕ್ಸ್‌ನಲ್ಲಿ ಟ್ರ್ಯಾಕಿಂಗ್ ತಡೆಯುವ ಸೆಟ್ಟಿಂಗ್ ಅನ್ನು ಸ್ಟ್ರಿಕ್ಟ್, ಅಂದ್ರೆ ಬಿಗಿಯಾದದ್ದು, ಇಟ್ಟಿದ್ದೇನೆ. ಒಂದು ಸರ್ಕಾರಿ ಸೈಟಿನಲ್ಲಿ ಹಣ ಕಟ್ಟುವ ಪುಟಕ್ಕೆ ಹೋದಾಗ ಸುತ್ತುತ್ತಾ ಸುತ್ತುತ್ತಾ ಮತ್ತೆ ಮೊದಲಿನ ಪುಟಕ್ಕೇ ಬರುತ್ತದೆ. ರಸೀದಿ ಬರುವುದಿಲ್ಲ. ಅದೊಂದಕ್ಕೆ ಮತ್ತೆ ಕ್ರೋಮ್‌ಗೇ ಹೋಗಬೇಕಾ?

ಜೋಳದ ರೊಟ್ಟಿ, ಆಳಂದ

ಬೇಡ. ವಿಳಾಸದ ಎಡಗಡೆ ಶೀಲ್ಡ್ ಗುರುತು ಇದೆಯಲ್ಲ, ಅದನ್ನು ಒತ್ತಿ ಆ ಒಂದು ಸೈಟಿಗೆ ಮಾತ್ರ ತಡೆ ತೆಗೆಯಿರಿ. ಹಣ ಕಟ್ಟುವಾಗ ಒಂದು ಸೈಟಿನಿಂದ ಬ್ಯಾಂಕಿನ ಸೈಟಿಗೆ, ಅಲ್ಲಿಂದ ಮತ್ತೆ ವಾಪಸ್ ಬರಬೇಕು, ಸ್ಟ್ರಿಕ್ಟ್ ಇದ್ದರೆ ಕೆಲವು ಸಲ ನಡುವೆ ತುಂಡಾಗುತ್ತದೆ. ಪಾಪ್‌ಅಪ್ ಕೂಡ ಆ ಸೈಟಿಗೆ ಅನುಮತಿ ಕೊಡಿ, ಬಹಳ ಕಡೆ ರಸೀದಿ ಬರುವುದು ಪಾಪ್‌ಅಪ್‌ನಲ್ಲೇ. ಮತ್ತೆ ಕಟ್ಟುವ ಮುಂಚೆ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ, ಒಂದು ಸಲ ಆಗಲೇ ಕಡಿತ ಆಗಿರಬಹುದು.